ಸವೆದ ಹಲ್ಲಿಗೆ ಮತ್ತೆ ಖನಿಜ: ಬೋರ್‌ವೆಲ್ ನೀರಿನ ಊರುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ ಕಡೆ ಮಕ್ಕಳ ಹಲ್ಲಿನ ಮೇಲೆ ಬಿಳಿ ಕಲೆ ಕಂಡರೆ ಮನೆಯ ಹಿರಿಯರು ಹೇಳುವ ಮಾತು ಒಂದೇ: "ಬೋರಿನ ನೀರಿನ ಕಲೆ ಅದ, ಹೋಗಂಗಿಲ್ಲ ಬಿಡು." ಕೆಲವು ಮಕ್ಕಳ ಮಟ್ಟಿಗೆ ಈ ಮಾತು ನಿಜ. ಆದರೆ ಅದೇ ಓಣಿಯ ಇನ್ನೊಂದು ಮಗುವಿನ ಹಲ್ಲಿನ ಕಲೆ ನೀರಿನದ್ದಾಗಿರಲಿಕ್ಕಿಲ್ಲ. ಅದು ಹಲ್ಲಿನ ಮೇಲ್ಪದರದಿಂದ ಖನಿಜ ಕರಗಿ ಹೋಗುತ್ತಿರುವ ಗುರುತು, ಅಂದರೆ ಹುಳುಕಿನ ಮೊದಲ ಹಂತ. ನೀರಿನ ಕಲೆ ಪೇಸ್ಟಿಗೆ ಹೋಗುವುದಿಲ್ಲ. ಹುಳುಕಿನ ಮೊದಲ ಹಂತವನ್ನು ಮಾತ್ರ ತಡೆದು ಹಿಂದಕ್ಕೆ ತಿರುಗಿಸಬಹುದು. ಎರಡೂ ಒಂದೇ ಎಂದುಕೊಂಡು ಸುಮ್ಮನಾಗುವುದರಿಂದ ಉಳಿಯಬಹುದಾದ ಹಲ್ಲುಗಳು ನಮ್ಮ ಭಾಗದಲ್ಲಿ ತೂತು ಬೀಳುತ್ತಿವೆ. ಇನ್ನೊಂದು ಕಡೆ, ನೀರಿನ ಫ್ಲೋರೈಡಿಗೆ ಹೆದರಿದವರು ಫ್ಲೋರೈಡ್ ಇರುವ ಪೇಸ್ಟನ್ನೇ ಮನೆಯಿಂದ ಹೊರಗಿಟ್ಟಿದ್ದಾರೆ. ಈ ಎರಡೂ ತಪ್ಪು ತಿಳಿವಳಿಕೆ ದೂರವಾಗಬೇಕು, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಏನು ಮರಳಿ ಬರುತ್ತದೆ, ಏನು ಬರುವುದಿಲ್ಲ

ಹಲ್ಲಿನ ಹೊರಕವಚಕ್ಕೆ ಎನಾಮೆಲ್ ಎನ್ನುತ್ತಾರೆ. ಅದರ ತೂಕದಲ್ಲಿ ಶೇ. 96ರಷ್ಟು ಖನಿಜವೇ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಹರಳುಗಳು ಒತ್ತೊತ್ತಾಗಿ ನಿಂತಿರುತ್ತವೆ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೂ ಒಂದು ಕೊರತೆ ಇದೆ. ಎಲುಬು ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ, ಎನಾಮೆಲ್ ಮಾತ್ರ ಹೊಸದಾಗಿ ಬೆಳೆಯುವುದಿಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಗೆ ಬರುವ ಹೊತ್ತಿಗೇ ಇಲ್ಲವಾಗುತ್ತವೆ. ಹಾಗಾಗಿ "ಎನಾಮೆಲ್ ಮತ್ತೆ ಬೆಳೆಸುತ್ತೇವೆ" ಎನ್ನುವ ಜಾಹೀರಾತು ಕಂಡರೆ ನಂಬಬೇಡಿ. ಚೂರು ಹಾರಿಹೋದ ಹಲ್ಲು, ಬಿದ್ದ ತೂತು, ತಿಕ್ಕಿ ತಿಕ್ಕಿ ತೆಳುವಾದ ಅಂಚು, ಇವು ಯಾವ ಪೇಸ್ಟಿನಿಂದಲೂ ತುಂಬುವುದಿಲ್ಲ.

ಮರಳಿ ಬರುವುದು ಬೇರೆ. ಸಿಹಿ ತಿಂದಾಗ ಹಲ್ಲಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲದ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹರಳುಗಳು ಕರಗಲು ಶುರು. ವಿಚಿತ್ರವೆಂದರೆ, ಹುಳುಕಿನಲ್ಲಿ ಮೊದಲು ಟೊಳ್ಳಾಗುವುದು ಮೇಲ್ಮೈ ಅಲ್ಲ, ಅದರ ಕೆಳಗಿನ ಪದರ. ಮೇಲೆ ತೆಳುವಾದ ಹೊದಿಕೆ ಹಾಗೇ ಉಳಿದಿರುತ್ತದೆ, ಒಳಗೆ ಸಣ್ಣ ಸಣ್ಣ ರಂಧ್ರಗಳಾಗಿರುತ್ತವೆ. ಬೆಳಕು ಆ ರಂಧ್ರಗಳಲ್ಲಿ ಚದುರುವುದರಿಂದಲೇ ಅಲ್ಲಿ ಸುಣ್ಣದಂಥ ಬಿಳಿ ಕಲೆ ಕಾಣುತ್ತದೆ. ಆಮ್ಲ ಇಳಿದ ಮೇಲೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಆ ರಂಧ್ರಗಳೊಳಗೆ ಇಳಿದು, ಅರ್ಧ ಕರಗಿದ ಹರಳುಗಳ ಮೇಲೆ ಮತ್ತೆ ಕೂಡುತ್ತವೆ. ಅಲ್ಲಿ ಒಂದಿಷ್ಟು ಫ್ಲೋರೈಡ್ ಸಿಕ್ಕರೆ ಹೊಸದಾಗಿ ಕೂಡಿದ ಹರಳು ಹಳೆಯದಕ್ಕಿಂತ ಗಟ್ಟಿಯಾಗುತ್ತದೆ. ಅದು ಕರಗಬೇಕಾದರೆ ಪಿಎಚ್ ಇನ್ನೂ ಕೆಳಗೆ, ಸುಮಾರು 4.5ಕ್ಕೆ ಇಳಿಯಬೇಕು.

ಈ ಕರಗುವ-ಕೂಡುವ ಕೆಲಸ ದಿನಕ್ಕೆ ಹಲವು ಸಲ ನಡೆಯುತ್ತದೆ. ಜಮಾ ಮಾಡುವುದು ಜೊಲ್ಲು, ಖರ್ಚು ಮಾಡುವುದು ನಮ್ಮ ಬಾಯಿಚಪಲ. ಮುಂದಿನ ಹೆಜ್ಜೆಗಳೆಲ್ಲ ಖರ್ಚನ್ನು ಕಡಿಮೆ ಮಾಡಿ ಜೊಲ್ಲಿಗೆ ಸಮಯ ಕೊಡುವುದಕ್ಕೆ. ಪೇಸ್ಟು, ದಂತವೈದ್ಯರು ಹಲ್ಲಿಗೆ ಹಚ್ಚುವ ಫ್ಲೋರೈಡ್ ಲೇಪವಾದ ವಾರ್ನಿಶ್ಶು ಎಲ್ಲವೂ ಅದರ ಸಹಾಯಕ್ಕೆ ಇರುವವು.

ಹೆಜ್ಜೆ 1: ಕಲೆ ಯಾವುದು ಎಂದು ಗುರುತಿಸಿ

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕಿಟಕಿಯ ಬೆಳಕಿಗೆ ನಿಂತುಕೊಳ್ಳಿ, ಇಲ್ಲವೇ ಮೊಬೈಲ್ ಟಾರ್ಚ್ ಹಾಕಿ. ತುಟಿಯನ್ನು ಬೆರಳಿನಿಂದ ಪೂರ್ತಿ ಎತ್ತಬೇಕು, ಒಸಡು ಹಲ್ಲು ಕೂಡುವ ಗೆರೆ ಕಾಣುವಷ್ಟು. ಮೊದಲು ಹಲ್ಲು ಒದ್ದೆ ಇರುವಾಗಲೇ ನೋಡಿ. ಆಮೇಲೆ ಶುಭ್ರವಾದ ಹತ್ತಿಯಿಂದ ಒರೆಸಿ, ತುಟಿ ಹಲ್ಲಿಗೆ ತಾಗದಂತೆ ಹಿಡಿದು ಸ್ವಲ್ಪ ಹೊತ್ತು ಒಣಗಲು ಬಿಟ್ಟು ಮತ್ತೆ ನೋಡಿ.

ಒದ್ದೆಯಿದ್ದಾಗ ಕಾಣದೆ, ಒಣಗಿದ ಮೇಲಷ್ಟೇ ಬಿಳಿಚಿ ಮೂಡುವ ಕಲೆ ಇನ್ನೂ ಮೇಲ್ಮಟ್ಟದ್ದು. ಅದು ಬೇಗ ಸುಧಾರಿಸುತ್ತದೆ. ಒದ್ದೆಯಿದ್ದಾಗಲೂ ಎದ್ದು ಕಾಣುವ ಕಲೆ ಒಳಕ್ಕಿಳಿದಿದೆ, ಅದಕ್ಕೆ ತಿಂಗಳುಗಟ್ಟಲೆ ಪಟ್ಟು ಹಿಡಿಯಬೇಕು. ಎರಡೂ ಸ್ಥಿತಿಯಲ್ಲಿ ಪಿನ್ನು, ಸೂಜಿ, ಹಲ್ಲುಕಡ್ಡಿ ಹಾಕಿ ಕೆದಕಬೇಡಿ. ಮೇಲಿನ ತೆಳು ಹೊದಿಕೆ ಒಡೆದರೆ ತುಂಬಬಹುದಾಗಿದ್ದ ಜಾಗ ಅಲ್ಲೇ ತೂತಾಗಿಬಿಡುತ್ತದೆ.

ಈಗ ನೀರಿನ ಕಲೆಗೂ ಇದಕ್ಕೂ ವ್ಯತ್ಯಾಸ. ಹುಳುಕಿನ ಕಲೆ ಪಾಚಿ ಕಟ್ಟುವ ಜಾಗದಲ್ಲಿ ಇರುತ್ತದೆ: ಒಸಡಿನ ಅಂಚಿಗೆ ಅರ್ಧಚಂದ್ರದ ಆಕಾರದಲ್ಲಿ, ದವಡೆ ಹಲ್ಲಿನ ಗುಳಿಗಳಲ್ಲಿ, ತಂತಿ ಹಾಕಿಸಿಕೊಂಡವರಿಗೆ ಬ್ರಾಕೆಟ್ಟಿನ ಸುತ್ತ. ಒಂದು ಹಲ್ಲಿಗೆ ಇರಬಹುದು, ಪಕ್ಕದ್ದಕ್ಕೆ ಇಲ್ಲದಿರಬಹುದು. ಹೊಳಪಿಲ್ಲದೆ ಒರಟಾಗಿರುತ್ತದೆ. ಫ್ಲೋರೈಡ್ ನೀರಿನ ಕಲೆ, ಅಂದರೆ ಫ್ಲೋರೋಸಿಸ್, ಎಡ-ಬಲ ಜೋಡಿ ಹಲ್ಲುಗಳಲ್ಲಿ ಒಂದೇ ತರಹ ಇರುತ್ತದೆ. ಹಲ್ಲಿಗೆ ಅಡ್ಡಲಾಗಿ ತೆಳು ಬಿಳಿ ಗೆರೆಗಳು, ಮೋಡದಂಥ ಮಚ್ಚೆಗಳು, ಹೆಚ್ಚಾದರೆ ಹಳದಿ ಇಲ್ಲವೇ ಕಂದು ಬಣ್ಣ. ಹಲ್ಲು ಹುಟ್ಟುವಾಗಲೇ ಅದು ಇತ್ತೇ ಎಂದು ಮನೆಯವರನ್ನು ಕೇಳಿ. ಹುಟ್ಟುವಾಗ ಸ್ವಚ್ಛವಿದ್ದ ಹಲ್ಲಿನಲ್ಲಿ ಆಮೇಲೆ ಬಂದ ಬಿಳಿ ಕಲೆ ಫ್ಲೋರೋಸಿಸ್ ಆಗಿರಲು ಸಾಧ್ಯವಿಲ್ಲ. ಇದೊಂದೇ ಪ್ರಶ್ನೆ ಬಹಳ ಗೊಂದಲ ಬಿಡಿಸುತ್ತದೆ.

ಮೂರನೆಯದು ಆಮ್ಲದ ಸವೆತ. ಕಲೆಯೇ ಇರುವುದಿಲ್ಲ. ಹಲ್ಲು ನುಣುಪಾಗಿ, ಹಳದಿಯಾಗಿ, ಮುಂದಿನ ಹಲ್ಲಿನ ತುದಿ ಗಾಜಿನಂತೆ ಪಾರದರ್ಶಕವಾಗಿ ಕಾಣುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ನಾಲ್ಕನೆಯದು ತಿಕ್ಕಿ ಸವೆದದ್ದು, ಒಸಡಿನ ಹತ್ತಿರ ಬೆಣೆ ಹೊಡೆದಂಥ ಗೀರು. ಈ ಎರಡರಲ್ಲಿ ಹೋದ ಪದರ ಹೋದದ್ದೇ. ಉಳಿದ ಮೇಲ್ಮೈಯನ್ನು ಗಟ್ಟಿ ಮಾಡಿಕೊಂಡು ಮುಂದಿನ ಸವೆತ ನಿಲ್ಲಿಸುವುದಷ್ಟೇ ಕೆಲಸ.

ಹೆಜ್ಜೆ 2: ಕುಡಿಯುವ ನೀರು ಪರೀಕ್ಷೆ ಮಾಡಿಸಿ

ಬೇರೆ ಊರಿನವರಿಗೆ ಬರೆದಿದ್ದರೆ ಈ ಹೆಜ್ಜೆ ಬಿಡಬಹುದಿತ್ತು. ನಮಗೆ ಬಿಡುವಂತಿಲ್ಲ. ಗ್ರಾನೈಟಿನಂಥ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಆ ಕಲ್ಲಿನ ಸಂಗಡ ಹೆಚ್ಚು ಕಾಲ ಇದ್ದು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹುನಗುಂದ, ಇಳಕಲ್, ಮುದ್ದೇಬಿಹಾಳದ ಕಡೆಯೂ ಸೇರಿ ಎರಡೂ ಜಿಲ್ಲೆಗಳ ಹಲವು ಕಡೆ ಇದು ಹಳೆಯ ತೊಂದರೆ. ಕೃಷ್ಣಾ, ಘಟಪ್ರಭಾ, ಮಲಪ್ರಭೆಯ ಹೊಳೆನೀರು ಬರುವ ಊರುಗಳ ಸ್ಥಿತಿ ಬೇರೆ. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ಅಂಶ ಕೂಡ ಬೇರೆ ಬೇರೆ ಇರಬಹುದು, ಆದ್ದರಿಂದ ಪಕ್ಕದ ಮನೆಯವರ ವರದಿ ನಿಮ್ಮ ಮನೆಗೆ ಆಗುವುದಿಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು; ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೂ ಮಾದರಿ ಕೊಡಬಹುದು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿ, ಬೋರ್‌ವೆಲ್ ಯಾವುದು, ತುಂಬಿದ ದಿನ ಯಾವುದು ಎಂದು ಮೇಲೆ ಬರೆಯಿರಿ.

ವರದಿ ಮಿತಿ ಮೀರಿ ಬಂದರೆ ಕುಡಿಯಲು ಮತ್ತು ಅಡುಗೆಗೆ ಬೇರೆ ನೀರು ನೋಡಿ: ಊರಿನ ಶುದ್ಧ ನೀರಿನ ಘಟಕದ್ದು, ಹೊಳೆನೀರು, ಸರಿಯಾಗಿ ಹಿಡಿದಿಟ್ಟ ಮಳೆನೀರು, ಇಲ್ಲವೇ ಮನೆಯಲ್ಲಿ ಆರ್‌ಒ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ತಾಮ್ರದ ಕೊಡದಲ್ಲಿಟ್ಟರೂ ಹೋಗದು. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಈ ಕೆಲಸ ಮುಂದೂಡಲೇಬೇಡಿ. ಕಾಯಂ ಹಲ್ಲಿನ ಎನಾಮೆಲ್ ಒಸಡಿನೊಳಗೆ ಕಟ್ಟಿಕೊಳ್ಳುವುದು ಆ ವಯಸ್ಸಿನಲ್ಲೇ, ಫ್ಲೋರೋಸಿಸ್ ತಗಲುವುದೂ ಆಗಲೇ. ಹಲ್ಲು ಹೊರಬಂದ ಮೇಲೆ ಕುಡಿದ ನೀರು ಆ ಹಲ್ಲಿಗೆ ಕಲೆ ತರುವುದಿಲ್ಲ, ಆದರೆ ಅತಿಯಾದ ಫ್ಲೋರೈಡ್ ಎಲುಬಿಗೆ ಕೇಡು ಮಾಡುತ್ತಲೇ ಇರುತ್ತದೆ.

ಹಾಗಾದರೆ ಇಂಥ ಊರಿನಲ್ಲಿ ಫ್ಲೋರೈಡ್ ಪೇಸ್ಟ್ ಬೇಕೇ? ಬೇಕು. ನೀರಿನ ಫ್ಲೋರೈಡ್ ಹೊಟ್ಟೆಗೆ ಹೋಗಿ ರಕ್ತದ ಮೂಲಕ ಬೆಳೆಯುವ ಹಲ್ಲನ್ನು ಕೆಡಿಸುತ್ತದೆ. ಪೇಸ್ಟಿನದ್ದು ಹೊರಬಂದ ಹಲ್ಲಿನ ಮೇಲ್ಮೈಯಲ್ಲಿ ಕೆಲಸ ಮಾಡಿ ಉಗುಳಿನ ಸಂಗಡ ಹೊರಗೆ ಹೋಗುತ್ತದೆ. ದೊಡ್ಡವರು ಯೋಚಿಸಬೇಕಾದ್ದೇ ಇಲ್ಲ. ಪೇಸ್ಟ್ ನುಂಗುವ ವಯಸ್ಸಿನ ಮಕ್ಕಳಿದ್ದು ನೀರಿನ ವರದಿಯೂ ಮಿತಿ ಮೀರಿದ್ದರೆ, ಎಷ್ಟು ಹಚ್ಚಬೇಕೆಂದು ದಂತವೈದ್ಯರಿಗೆ ವರದಿ ತೋರಿಸಿ ಕೇಳಿ.

ಹೆಜ್ಜೆ 3: ಕರಗುವುದನ್ನು ನಿಲ್ಲಿಸಿ

ಈ ಹೆಜ್ಜೆ ತಪ್ಪಿದರೆ ಮುಂದಿನ ಯಾವುದೂ ಫಲ ಕೊಡುವುದಿಲ್ಲ. ಒಂದು ಸಲ ಸಿಹಿ ತಿಂದರೆ ಬಾಯಿ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದೇ ಮುಖ್ಯ. ಊಟದ ಜೊತೆ ಎರಡು ಶೇಂಗಾ ಹೋಳಿಗೆ ತಿಂದವರ ಹಲ್ಲು ಒಮ್ಮೆ ಆಮ್ಲಕ್ಕೆ ಸಿಕ್ಕುತ್ತದೆ. ಅಂಗಡಿಯಲ್ಲಿ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಂದು ಅರ್ಧ ಕಪ್ ಸಿಹಿ ಚಹಾ ಕುಡಿಯುವವರ ಹಲ್ಲು ದಿನವಿಡೀ ಆಮ್ಲದಲ್ಲೇ ಇರುತ್ತದೆ. ನಮ್ಮ ಕಡೆ ಬಂದವರಿಗೆಲ್ಲ ಚಹಾ ಕೊಡುವ ರೂಢಿ ಬಿಡಿ ಎಂದು ಹೇಳುವುದಿಲ್ಲ. ಎರಡು ಸಲ ಸಕ್ಕರೆ ಹಾಕಿ ಕುಡಿಯಿರಿ, ಉಳಿದ ಸಲ ಸಕ್ಕರೆ ಇಲ್ಲದ್ದು ಕೇಳಿ.

ಬೆಲ್ಲದ ವಿಷಯವನ್ನು ಖಡಾಖಂಡಿತವಾಗಿ ಹೇಳಬೇಕು. ಮುಧೋಳ, ಮಹಾಲಿಂಗಪುರದ ಬೆಲ್ಲ ನಮ್ಮ ಹೆಮ್ಮೆ. ಆದರೆ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಕ್ಕೆ ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ. ಅಂಟುವ ಸಿಹಿ ಇನ್ನೂ ಕಷ್ಟ, ಯಾಕೆಂದರೆ ಹಲ್ಲಿನ ಸಂದಿಯಲ್ಲಿ ಕೂತು ಗಂಟೆಗಟ್ಟಲೆ ಕರಗುತ್ತಿರುತ್ತದೆ. ಗೋಕಾಕ, ಅಮೀನಗಡದ ಕರದಂಟು, ವಿಜಯಪುರದ ಒಣದ್ರಾಕ್ಷಿ ಎರಡೂ ಈ ಸಾಲಿಗೆ ಸೇರುತ್ತವೆ. ಊಟದ ಕೊನೆಗೆ ತಿಂದರೆ ಸರಿ, ಜೇಬಿನಲ್ಲಿಟ್ಟುಕೊಂಡು ಆಗಾಗ ಬಾಯಿಗೆ ಹಾಕಿಕೊಳ್ಳುವುದು ಸರಿಯಲ್ಲ. ಸಂಕ್ರಾಂತಿಯ ಕುಸುರೆಳ್ಳನ್ನು ಮಕ್ಕಳು ಒಂದೊಂದೇ ಕಾಳು ಚೀಪುತ್ತಾ ದಿನಗಟ್ಟಲೆ ತಿನ್ನುತ್ತಾರೆ. ಅವರಿಗೆ ಒಂದೇ ಹೊತ್ತಿಗೆ ಕೊಟ್ಟು ಮುಗಿಸಿಬಿಡಿ. ಹೋಟೆಲಿನ ಬಿಲ್ಲಿನ ಸಂಗಡ ಬರುವ ಬಣ್ಣದ ಬಡೇಸೋಪಿನ ಮೇಲಿರುವುದು ಸಕ್ಕರೆ. ಹುರಿದ ಸಾದಾ ಬಡೇಸೋಪು ಕೇಳಿ.

ಆಮ್ಲವೇ ನೇರವಾಗಿ ಬಾಯಿಗೆ ಬರುವ ದಾರಿಗಳೂ ಇವೆ. ನಮ್ಮ ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ರಸದ ಪಿಎಚ್ 2ರಿಂದ 3ರ ಒಳಗೆ, ಕೋಲಾದ್ದೂ ಅಷ್ಟೇ. ಬೇಸಿಗೆಯಲ್ಲಿ ಲಿಂಬೆ ಶರಬತ್ತು ಬೇಕೆನಿಸಿದರೆ ಗುಟುಕು ಗುಟುಕಾಗಿ ಅರ್ಧ ಗಂಟೆ ಹೀರದೆ ಒಮ್ಮೆಗೇ ಕುಡಿದು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ. ಕುಡಿದ ತಕ್ಷಣ ಹಲ್ಲುಜ್ಜಬೇಡಿ. ಮೆತ್ತಗಾದ ಮೇಲ್ಮೈಯನ್ನು ಬ್ರಷ್ ಕೆರೆದು ಹಾಕುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ. ಗರ್ಭಿಣಿಯರ ವಾಂತಿ, ಹುಳಿತೇಗು ಇರುವವರದ್ದೂ ಇದೇ ಕಥೆ: ಹೊಟ್ಟೆಯ ಆಮ್ಲ ಲಿಂಬೆಗಿಂತ ಕಡಿಮೆಯದ್ದಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಮುಕ್ಕಳಿಸಿ ಉಗುಳಿ, ಆಮೇಲೆ ಸಾವಕಾಶ ಹಲ್ಲುಜ್ಜಿ. ಹಲ್ಲು ಬೆಳ್ಳಗಾಗಲೆಂದು ಲಿಂಬೆಹೋಳಿಗೆ ಉಪ್ಪು ಹಚ್ಚಿ ತಿಕ್ಕುವವರನ್ನು ಈಗಲೂ ನೋಡುತ್ತೇನೆ. ತಿಕ್ಕಿದ ದಿನ ಬೆಳ್ಳಗೆ ಕಂಡರೂ ಎನಾಮೆಲ್ ತೆಳುವಾಗಿ ಒಳಗಿನ ಹಳದಿ ಪದರ ಹೊರಗೆ ಇಣುಕುತ್ತದೆ.

ಹೆಜ್ಜೆ 4: ತಿಕ್ಕುವುದನ್ನು ಬದಲಿಸಿ

ಇದ್ದಿಲು, ಬೂದಿ, ಇಟ್ಟಂಗಿ ಪುಡಿ, ಹರಳುಪ್ಪು ಇವುಗಳಲ್ಲಿ ಹಲ್ಲಿಗೆ ಕೊಡುವ ಖನಿಜವಿಲ್ಲ, ಕೆರೆಯುವ ಗುಣ ಮಾತ್ರ ಇದೆ. ಅಂಗಡಿಯಲ್ಲಿ ಸಿಗುವ ಇದ್ದಿಲಿನ ಪೇಸ್ಟಿಗೂ ಇದೇ ಮಾತು. ಬೇವಿನ ಕಡ್ಡಿಯನ್ನು ನಾನು ಬೇಡವೆನ್ನುವುದಿಲ್ಲ, ಮೆತ್ತಗೆ ಜಗಿದು ಹಗುರಾಗಿ ಉಜ್ಜಿದರೆ ಪಾಚಿ ಹೋಗುತ್ತದೆ. ಆದರೆ ಅದು ಫ್ಲೋರೈಡ್ ಪೇಸ್ಟಿನ ಕೆಲಸ ಮಾಡಲಾರದು. ಬಿಳಿ ಕಲೆ ಶುರುವಾದವರು ಬೇವಿನ ಕಡ್ಡಿಯೊಂದನ್ನೇ ನೆಚ್ಚಬಾರದು.

ಬೆಳಗಾವಿ ಗಡಿಭಾಗದ ಹೆಣ್ಣುಮಕ್ಕಳಲ್ಲಿ ಮಶೇರಿ ತಿಕ್ಕುವ ಚಟ ಇನ್ನೂ ಇದೆ. ಹಲ್ಲುನೋವು ಕಡಿಮೆಯಾಗುತ್ತದೆಂದು ಯಾರೋ ಹೇಳಿ ಶುರುವಾಗುತ್ತದೆ, ಆಮೇಲೆ ಬಿಡಲಾಗುವುದಿಲ್ಲ. ಮಶೇರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ಹಲ್ಲು ಸವೆಯುವುದು, ಒಸಡು ಇಳಿಯುವುದು ಅದರ ಸಣ್ಣ ಕೇಡು. ದೊಡ್ಡ ಕೇಡು ಬಾಯಿಯ ಕ್ಯಾನ್ಸರ್. ಮನೆಯಲ್ಲಿ ಅಮ್ಮನೋ ಅತ್ತೆಯೋ ತಿಕ್ಕುತ್ತಿದ್ದರೆ ಬೈಯದೆ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಾಯಿ ತೋರಿಸಿ. ಗುಟ್ಕಾ, ಎಲೆ-ಅಡಿಕೆಯ ಜೊತೆಗಿನ ತಂಬಾಕಿಗೂ ಇದು ಅನ್ವಯ.

ಹೆಜ್ಜೆ 5: ಪೇಸ್ಟ್ ಆರಿಸುವುದು, ಹಚ್ಚುವುದು, ಉಗುಳುವುದು

ಟ್ಯೂಬಿನ ಮುಂಭಾಗದ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೋನೋಫ್ಲೋರೋಫಾಸ್ಫೇಟ್ ಎಂದು ಬರೆದಿರಬೇಕು, ಪಕ್ಕದಲ್ಲಿ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂಬ ಅಳತೆ ಇರಬೇಕು. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಬರೆಯಲೇಬೇಕು. ಖನಿಜ ಮರಳಿ ತುಂಬಬೇಕೆಂದರೆ 1000ಕ್ಕೆ ಹತ್ತಿರದ್ದನ್ನೇ ಆರಿಸಿ. ಗಿಡಮೂಲಿಕೆಯ ಹೆಸರಿನ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಜುಮ್ಮೆನ್ನುವುದಕ್ಕೆ ಕೊಡುವ ಪೊಟ್ಯಾಸಿಯಂ ನೈಟ್ರೇಟ್ ನರದ ಸಂವೇದನೆಯನ್ನು ತಗ್ಗಿಸುತ್ತದೆ ಅಷ್ಟೇ, ಹಲ್ಲಿಗೆ ಖನಿಜ ಕೊಡುವುದಿಲ್ಲ. ಅಂಥ ಪೇಸ್ಟ್ ತರುವಾಗ ಅದರಲ್ಲಿ ಫ್ಲೋರೈಡೂ ಇದೆಯೇ ನೋಡಿ. ಅವಧಿ ಮುಗಿದ ಟ್ಯೂಬು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ.

ಎಷ್ಟು ಹಚ್ಚಬೇಕು? ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು. ಪೇಸ್ಟನ್ನು ದೊಡ್ಡವರೇ ಬ್ರಷ್ಷಿಗೆ ಹಾಕಿ, ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರಿಯುವಷ್ಟು ಪೇಸ್ಟು ಯಾರಿಗೂ ಬೇಡ. ಮೆತ್ತನೆಯ ಬ್ರಷ್ ಹಿಡಿದು, ಒಸಡಿನ ಗೆರೆಗೆ ಓರೆಯಾಗಿ ಇಟ್ಟು, ಸಣ್ಣಗೆ ಸುತ್ತಿಸುತ್ತಾ ಎರಡು ನಿಮಿಷ ಉಜ್ಜಿ. ಪಾತ್ರೆ ತಿಕ್ಕಿದಂತೆ ಅಡ್ಡಡ್ಡ ಎಳೆದರೆ ಒಸಡಿನ ಬುಡದಲ್ಲಿ ಬೆಣೆಯಾಕಾರದ ಗೀರು ಬೀಳುತ್ತದೆ.

ಈಗ ನಮ್ಮವರು ಎಲ್ಲರೂ ಎಡವುವ ಜಾಗ. ಬಚ್ಚಲಲ್ಲಿ ತಂಬಿಗೆ ತುಂಬ ನೀರಿಟ್ಟುಕೊಂಡು, ಹಲ್ಲುಜ್ಜಿದ ಮೇಲೆ ಗಂಟಲು ಖಾಕರಿಸಿ, ಪೇಸ್ಟಿನ ರುಚಿಯೂ ಉಳಿಯದಂತೆ ಐದಾರು ಸಲ ಬಾಯಿ ತೊಳೆಯುವುದು ನಮ್ಮ ಅಭ್ಯಾಸ. ಹಾಗೆ ತೊಳೆದಾಗ ದುಡ್ಡು ಕೊಟ್ಟು ತಂದ ಫ್ಲೋರೈಡು ಬಚ್ಚಲಿಗೆ ಹೋಗುತ್ತದೆ. ಬಾಯಿಯ ಗಲೀಜನ್ನೆಲ್ಲ ಉಜ್ಜುವುದಕ್ಕೆ ಮುಂಚೆ ತೊಳೆದುಕೊಳ್ಳಿ, ನಾಲಿಗೆಯನ್ನೂ ಮೊದಲೇ ಕೆರೆದುಕೊಳ್ಳಿ. ಉಜ್ಜಿದ ಮೇಲೆ ನೊರೆಯನ್ನು ಚೆನ್ನಾಗಿ ಉಗುಳಿ, ಅಲ್ಲಿಗೇ ಬಿಡಿ. ತೀರಾ ಕಸಿವಿಸಿಯಾದರೆ ಒಂದೇ ಒಂದು ಸಣ್ಣ ಗುಟುಕಿನಲ್ಲಿ ಮುಕ್ಕಳಿಸಿ. ಮುಂದಿನ ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ. ಇಡೀ ಲೇಖನದಲ್ಲಿ ಒಂದನ್ನಷ್ಟೇ ಪಾಲಿಸುತ್ತೇನೆ ಎನ್ನುವವರು ಇದ್ದರೆ, ಇದನ್ನು ಪಾಲಿಸಿ ಎನ್ನುತ್ತೇನೆ.

ರಾತ್ರಿಯ ಹಲ್ಲುಜ್ಜುವಿಕೆ ಬೆಳಗಿನದ್ದಕ್ಕಿಂತ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತುಹೋಗುವುದರಿಂದ ಹಲ್ಲನ್ನು ಕಾಯುವವರು ಯಾರೂ ಇರುವುದಿಲ್ಲ. ಉಜ್ಜಿದ ಮೇಲೆ ಮಗುವಿಗೆ ಸಕ್ಕರೆ ಹಾಕಿದ ಹಾಲಿನ ಬಾಟಲಿ ಕೊಟ್ಟು ಮಲಗಿಸಬಾರದು. ಮೇಲಿನ ಮುಂದಿನ ಹಲ್ಲುಗಳ ಹತ್ತಿರ ಜೊಲ್ಲು ಕಡಿಮೆ ಹರಿಯುತ್ತದೆ. ಬಾಟಲಿ ಮಕ್ಕಳಲ್ಲಿ ಅವೇ ನಾಲ್ಕು ಹಲ್ಲು ಮೊದಲು ಕಪ್ಪಾಗುವುದು ಇದಕ್ಕೇ.

ಹೆಜ್ಜೆ 6: ಜೊಲ್ಲನ್ನು ಹೆಚ್ಚಿಸಿ

ಬಾಯಿ ಒಣಗಿದರೆ ರಿಪೇರಿ ನಿಲ್ಲುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಹೊಲದಲ್ಲಿ, ಕಲ್ಲಿನ ಕ್ವಾರಿಯಲ್ಲಿ, ಮಗ್ಗದ ಮುಂದೆ ದುಡಿಯುವವರು ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಳ್ಳಲಿ. ಸಕ್ಕರೆ ಕಾಯಿಲೆ ಇರುವವರಿಗೆ, ಅಲರ್ಜಿ, ರಕ್ತದೊತ್ತಡ, ಖಿನ್ನತೆಯ ಕೆಲವು ಮಾತ್ರೆ ನುಂಗುವವರಿಗೆ ಬಾಯಿ ಒಣಗುತ್ತದೆ. ಮಾತ್ರೆಯನ್ನು ಸ್ವಂತಕ್ಕೆ ನಿಲ್ಲಿಸದೆ ವೈದ್ಯರಿಗೆ ಹೇಳಿ. ಜಗಿದಷ್ಟೂ ಜೊಲ್ಲು ಬರುತ್ತದೆ. ಖಡಕ್ ಜೋಳದ ರೊಟ್ಟಿ, ಹಸಿ ಸೌತೆಕಾಯಿ, ಗಜ್ಜರಿ, ಮೆಂತ್ಯೆ ಸೊಪ್ಪಿನ ಪಚಡಿ ಇರುವ ನಮ್ಮ ಊಟ ಈ ವಿಷಯದಲ್ಲಿ ಬಹಳ ಒಳ್ಳೆಯದು. ಊಟದ ಕೊನೆಗೆ ಗಟ್ಟಿ ಮೊಸರು, ಸಕ್ಕರೆ ಹಾಕದ ಹಾಲು, ಪನೀರು ತಿಂದರೆ ಅದರಲ್ಲಿನ ಕ್ಯಾಲ್ಸಿಯಂ ಬಾಯಲ್ಲೇ ಹಲ್ಲಿಗೆ ಸಿಗುತ್ತದೆ. ಮೊಸರು ಹುಳಿಯಲ್ಲವೇ ಎಂದು ಕೇಳಬಹುದು. ಹುಳಿಯೇ, ಆದರೆ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಹಲ್ಲಿನದ್ದನ್ನು ಕರಗಿಸುವುದಿಲ್ಲ. ಶೇಂಗಾ ಕೂಡ ಹಲ್ಲಿಗೆ ತೊಂದರೆ ಕೊಡದ ತಿನಿಸು. ಬೆಲ್ಲದ ಜೊತೆ ಬೇಡ, ಬರಿಯದನ್ನು ತಿನ್ನಿ.

ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಹಲ್ಲಿನ ಕಲೆ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹೊರಬಂದ ಹಲ್ಲಿನ ಎನಾಮೆಲ್‌ನಲ್ಲಿ ರಕ್ತನಾಳವಿಲ್ಲ, ಮಾತ್ರೆಯ ಕ್ಯಾಲ್ಸಿಯಂ ಅಲ್ಲಿಗೆ ತಲುಪುವ ದಾರಿಯೇ ಇಲ್ಲ. ಮೊಟ್ಟೆಯ ಸಿಪ್ಪೆ ಅರೆದು ತಿಕ್ಕುವುದೂ ಕೆರೆತವೇ. ಎಣ್ಣೆಯಲ್ಲಿ ಬಾಯಿ ಮುಕ್ಕಳಿಸಿದರೆ ಕೇಡಿಲ್ಲ, ಖನಿಜವೂ ಬರುವುದಿಲ್ಲ.

ಹೆಜ್ಜೆ 7: ದಂತವೈದ್ಯರ ಕೈಯಲ್ಲಿರುವುದು

ಫ್ಲೋರೈಡ್ ವಾರ್ನಿಶ್ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆಯದ್ದು ಅನಿಸುತ್ತದೆ. ಶೇ. 5ರ ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ. ಹಲ್ಲು ಒರೆಸಿ ಸಣ್ಣ ಕುಂಚದಿಂದ ಹಚ್ಚುತ್ತಾರೆ, ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಆ ದಿನ ಬಿಸಿ ಚಹಾ, ಗಟ್ಟಿ ತಿನಿಸು ಬೇಡ, ರಾತ್ರಿ ಹಲ್ಲುಜ್ಜುವುದೂ ಬೇಡ. ಮೂರರಿಂದ ಆರು ತಿಂಗಳಿಗೊಮ್ಮೆ ಹಚ್ಚಿಸಬೇಕು. ಪ್ರಮಾಣ ದೊಡ್ಡದೆನಿಸಿದರೂ ಹಚ್ಚುವುದು ತೀರ ಸ್ವಲ್ಪ, ಹಲ್ಲಿಗೇ ಅಂಟಿಕೊಳ್ಳುತ್ತದೆ.

ಹಾಲಿನ ಕೇಸೀನ್‌ನಿಂದ ತಯಾರಿಸಿದ ಸಿಪಿಪಿ-ಎಸಿಪಿ ಕ್ರೀಮು ಬೆಲೆ ಹೆಚ್ಚಿನದ್ದು. ಬಾಯಿ ಒಣಗುವವರಿಗೆ, ತಂತಿ ಹಾಕಿಸಿಕೊಂಡವರಿಗೆ ವೈದ್ಯರು ಬರೆದುಕೊಟ್ಟರೆ ಬಳಸಿ. ಹಾಲಿನ ಪ್ರೋಟೀನಿಗೆ ಅಲರ್ಜಿ ಇದ್ದವರಿಗೆ ಬೇಡ. ಜಪಾನಿನಲ್ಲಿ ದಶಕಗಳಿಂದ ಬಳಕೆಯಲ್ಲಿರುವ ನ್ಯಾನೋ ಹೈಡ್ರಾಕ್ಸಿಅಪಟೈಟ್ ಪೇಸ್ಟು ಈಗ ಇಲ್ಲೂ ಸಿಗುತ್ತದೆ, ಫ್ಲೋರೈಡ್ ನುಂಗುವ ಭಯವಿರುವ ಮಕ್ಕಳಿಗೆ ವೈದ್ಯರನ್ನು ಕೇಳಿ ಯೋಚಿಸಬಹುದು. ಇವು ಯಾವುವೂ ಕೈಗೆಟುಕದಿದ್ದರೆ ಕೊರಗಬೇಡಿ. ಸಾದಾ ಫ್ಲೋರೈಡ್ ಪೇಸ್ಟು, ಎರಡು ಹೊತ್ತಿನ ಉಜ್ಜುವಿಕೆ, ಕಡಿಮೆ ಸಲ ಸಿಹಿ, ಇಷ್ಟರಿಂದಲೇ ಹೆಚ್ಚಿನ ಕೆಲಸ ಆಗುತ್ತದೆ.

ಆರು ವರ್ಷದ ಮಕ್ಕಳ ಬಾಯಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ತಂದೆ-ತಾಯಿ ಅದನ್ನು ಹಾಲುಹಲ್ಲು ಎಂದುಕೊಳ್ಳುತ್ತಾರೆ. ಅದು ಕಾಯಂ ಹಲ್ಲು, ಇಡೀ ಜೀವಮಾನಕ್ಕೆ ಅದೇ. ಹೊಸದಾಗಿ ಬಂದ ಎನಾಮೆಲ್ ಇನ್ನೂ ಪಕ್ವವಾಗಿರುವುದಿಲ್ಲ, ಮೊದಲ ಒಂದೆರಡು ವರ್ಷ ಬೇಗ ಕರಗುತ್ತದೆ. ಅದರ ಗುಳಿಗಳಿಗೆ ಸೀಲೆಂಟ್, ಅಂದರೆ ಗುಳಿ ಮುಚ್ಚುವ ತೆಳು ಲೇಪ, ಹಾಕಿಸಿಬಿಡಿ.

ಫ್ಲೋರೋಸಿಸ್ ಕಲೆಗೆ ದಾರಿ ಬೇರೆ. ಮೇಲ್ಪದರವನ್ನು ಅತಿ ತೆಳುವಾಗಿ ಸವರುವ ಮೈಕ್ರೋಅಬ್ರೇಶನ್, ರಂಧ್ರಗಳಿಗೆ ರೆಸಿನ್ ಎಂಬ ತೆಳು ಅಂಟುದ್ರವ ಇಳಿಸುವ ಚಿಕಿತ್ಸೆ, ಹೆಚ್ಚು ಕಂದಾಗಿದ್ದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆಯಾದ ವೆನೀರ್. ಮದುವೆ ವಯಸ್ಸಿನ ಹುಡುಗ-ಹುಡುಗಿಯರು ಈ ಕಲೆಗಾಗಿ ಬಾಯಿ ಮುಚ್ಚಿ ನಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ ಎಂದು ಅವರಿಗೆ ತಿಳಿಸಿ.

ಹೆಜ್ಜೆ 8: ತಿಂಗಳಿಗೊಮ್ಮೆ ನೋಡಿ, ತೂತಿದ್ದರೆ ಕಾಯಬೇಡಿ

ಅದೇ ಕಿಟಕಿ, ಅದೇ ಹೊತ್ತು, ಹಲ್ಲು ಒಣಗಿಸಿ ತಿಂಗಳಿಗೊಂದು ಫೋಟೋ ತೆಗೆದಿಡಿ. ಒಂದು ವಾರದಲ್ಲಿ ಏನೂ ಕಾಣುವುದಿಲ್ಲ. ಬದಲಾವಣೆಗೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ನೋಡಬೇಕಾದ್ದು ಬಿಳಿ ಬಣ್ಣ ಹೋಯಿತೇ ಎಂದಲ್ಲ, ಹೊಳಪು ಬಂತೇ ಎಂದು. ಒರಟು ಸುಣ್ಣದಂತಿದ್ದ ಜಾಗ ನುಣುಪಾಗಿ ಹೊಳೆಯತೊಡಗಿದರೆ ಹುಳುಕು ನಿಂತಿದೆ ಎಂದರ್ಥ. ಬಿಳಿ ಅಥವಾ ತಿಳಿ ಕಂದು ಗುರುತು ಕೊನೆಯವರೆಗೂ ಉಳಿದರೂ ಹಲ್ಲು ಗಟ್ಟಿಯಾಗಿಯೇ ಇರುತ್ತದೆ. ಕಲೆ ಹರಡಿದರೆ, ಒರಟು ಹಾಗೇ ಇದ್ದರೆ ಮೂರನೇ ಹೆಜ್ಜೆಗೆ ಮರಳಿ, ದಿನಕ್ಕೆ ಎಷ್ಟು ಸಲ ಸಿಹಿ ಬಾಯಿಗೆ ಹೋಗುತ್ತಿದೆ ಎಂದು ಒಂದು ವಾರ ಚೀಟಿಯಲ್ಲಿ ಬರೆದು ನೋಡಿ.

ನಾಲಿಗೆಗೆ ಗುಳಿ ತಾಗಿದರೆ, ಅನ್ನದಗುಳು ಸಿಕ್ಕಿಕೊಳ್ಳತೊಡಗಿದರೆ, ಬಿಸಿ ತಾಗಿದ ನೋವು ಹೊತ್ತುಹೋದರೂ ನಿಲ್ಲದಿದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಒಸಡಿನಲ್ಲಿ ಕೀವುಗುಳ್ಳೆ ಕಂಡರೆ, ಆಗ ಈ ಹೆಜ್ಜೆಗಳ ಕಾಲ ಮುಗಿದಿದೆ. ಲವಂಗ ಇಟ್ಟುಕೊಂಡು ದಿನ ದೂಡಬೇಡಿ. ಕುರ್ಚಿಯಲ್ಲಿ ಕೂರಲು ಹೆದರುವ ಸಣ್ಣ ಮಕ್ಕಳ ಹುಳುಕಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ನಿಲ್ಲಿಸುವ ದಾರಿಯಿದೆ, ಕೊರೆಯುವುದು ಬೇಡ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ತಿಳಿದು ಒಪ್ಪಿಕೊಳ್ಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. ಕಾಲೇಜಿನಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಾಗುತ್ತದೆ, ಆದರೆ ಸಮಯ ಹಿಡಿಯುತ್ತದೆ, ಬೆಳಿಗ್ಗೆಯೇ ಹೋಗಿ. ಹೋಗುವಾಗ ನೀರಿನ ವರದಿ, ನುಂಗುತ್ತಿರುವ ಮಾತ್ರೆಗಳ ಚೀಟಿ, ತಿಂಗಳು ತಿಂಗಳು ತೆಗೆದ ಫೋಟೋಗಳು ಕೈಯಲ್ಲಿರಲಿ.